ಕ್ಯೂ ಮಾಸ್ತರನ ಮಾತು

ಅಕ್ಟೋಬರ್ 6, ಐತವಾರ

ತಮ್ಮ ಹಣಮೇಶನ್ನ ಕಲಬುರಗಿ ದವಾಖಾನಿಯಿಂದ ನಮ್ಮ ಮನಿಗೆ ಕರಕೊಂಡು ಬಂದೀವಿ. ಸುರಪುರದಾಗ ಅವನ ಮನಿ ಏರಿನ ಮ್ಯಾಲ ಅದ, ಮೆಟ್ಟಲ ಹತ್ತಬೇಕು. ಶಹಾಪುರದ ನಮ್ಮ ಮನಿ ನೆಲಕ್ಕ ಅದ. ಅವನ ಹೆಂಡತಿ ತೀರಿ ಹೋಗಿ ಭಾಳ ವರ್ಷ ಆತು, ನೋಡಾಕ ನನ್ನ ಹೆಂಡತಿ ಕರೆವ್ವನ ಹೊರತು ಯಾರದಾರ. ಲಕ್ವಾ ಹೊಡದು ಬಲಗೈ, ಬಲಗಾಲು ಬಿದ್ದಾವ. ಬಾಯಿ ಒಂದ ಕಡಿ ಸೊಟ್ಟ ಆಗ್ಯಾದ. ಮಾತು ಹೋಗ್ಯಾದ.

ಅವನ ಮಗಳು ಪರಿಮಳಾ ಯಾದಗಿರ್ಯಾಗ ನೌಕರಿ ಮಾಡ್ತಾಳ. ಗೊಬ್ಬರ ಕಂಪನಿದು ಈ ಡೈರಿ ಕೊಟ್ಟು, "ದೊಡ್ಡಪ್ಪ, ಅಪ್ಪ ದಿನಾ ಏನೇನು ಶಬ್ದ ಅಂತಾನ ಇದರಾಗ ಬರದಿಡು. ಮಾತಿನ ಡಾಕ್ಟರಿಗೆ ಹೇಳಬೇಕಾಗ್ತದ" ಅಂದಳು. ನಾಕನೇ ಇಯತ್ತೆಗೆ ಸಾಲಿ ಬಿಟ್ಟವಗ ಬರಿ ಅಂತಾಳ. ಜಿನ್ನಿಂಗ್ ಮಿಲ್ಲಿನಾಗ ಹತ್ತಿ ಅಂಡಗಿ ಮ್ಯಾಲ ನಂಬರ್ ಬರದ ಕೈ ಇದು. ಇರಲಿ, ಬರೀತೀನಿ.

ಸಂಜೀಕ "ಚಹಾ ಕುಡೀತಿ ಏನೋ" ಅಂತ ಕೇಳಿದೆ. ನನ್ನ ಮಾರಿ ನೋಡಿದ. ಎದ್ದು ಕೂಡ್ರಾಕ ನೋಡಿದ, ಆಗಲಿಲ್ಲ. ಆಮ್ಯಾಲ ಒಂದೂ ತಡವರಿಸದಂಗ ಅಂದ: "ಕ್ವಾಡ್ರಿಲ್ಯಾಟರಲ್."

ಪರಿಮಳಾ ಅದನ್ನ ಕನ್ನಡದಾಗ ಬರದ್ಲು, ನೋಡಿ ಇಳಿಸೀನಿ. ನಾಕು ಮೂಲಿ ಇರೋ ಆಕಾರಕ್ಕ ಹಂಗಂತಾರಂತ. ಚಹಾಕ್ಕ ನಾಕು ಮೂಲಿ ಎಲ್ಲಿಂದ ಬಂದ್ವು. ಮತ್ತ ಕೇಳಿದೆ, ಮತ್ತ ಅದೇ. ಜೋರಾಗಿ ಕೇಳಿದ್ರ ಬ್ಯಾರೆ ಒಂದು ಅಂದ, ಅದು ಇನ್ನೂ ಉದ್ದ. ತಾಯಿ ಎದಿಹಾಲು ಕುಡದಾಗಿಂದ ಆಡಿದ ಮಾತು ಒಂದೂ ಉಳೀಲಿಲ್ಲ, ಇದು ಉಳದಾದ.

ಅಕ್ಟೋಬರ್ 9, ಬುಧವಾರ

ಸುರಪುರ ಬಸ್ಸಿನ ಕಂಡಕ್ಟರ್ ಮುಜಫರ ಬಂದಿದ್ದ. ಸುರಪುರ ಹೈಸ್ಕೂಲಿನಾಗ ಹಣಮೇಶನ ಕೈಯಾಗ ಇಂಗ್ಲೀಷ್ ಕಲ್ತ ಹುಡುಗ, ಈಗ ತಲಿ ಬೆಳ್ಳಗ ಆಗ್ಯಾದ. ಮಂಚದ ಬಾಜೂಕ ಕುಂತು, "ಸರ್, ವೆಂಟ್ರಿಲೋಕ್ವಿಸ್ಟ್" ಅಂದ. ನಮಸ್ಕಾರ ಇಲ್ಲ, ಏನಿಲ್ಲ. ಹಣಮೇಶನ ಸೊಟ್ಟ ಬಾಯಿ ಅರ್ಧ ನಕ್ಕಿತು. ಅವ ಒಂದು ಅಂದ, ಇವ ಒಂದು ಅಂದ. ಇಬ್ಬರೂ ಹರಟಿ ಹೊಡದಂಗ ಕುಂತ್ರು.

"ಏನಲೇ ಇದು" ಅಂದೆ.

"ಕಾಕಾ, ಸರ್‌ಗೆ ಸುರಪುರದಾಗ ಎಲ್ಲಾರೂ ಕ್ಯೂ ಮಾಸ್ತರ ಅಂತಾರ, ನಿಮಗ ಗೊತ್ತಿಲ್ಲೇನು. ಇಂಗ್ಲೀಷಿನಾಗ ಕ್ಯೂ ಅಂತ ಒಂದು ಅಕ್ಷರ, ಅಪರೂಪಕ್ಕ ಬರ್ತದ. ಅದು ಇರೋ ಉದ್ದುದ್ದ ಶಬ್ದ ಹುಡಿಕಿ, ಬೋರ್ಡಿನ ಮೂಲ್ಯಾಗ ದಿನಾ ಒಂದು ಬರೀತಿದ್ರು. ಹತ್ತನೇ ಕ್ಲಾಸ್ ಮುಗದ ಮ್ಯಾಲ ಒಬ್ಬೊಬ್ಬರಿಗೆ ಒಂದೊಂದು ಕೊಡ್ತಿದ್ರು. ನಂದು ವೆಂಟ್ರಿಲೋಕ್ವಿಸ್ಟ್. ತುಟಿ ಅಳ್ಳಾಡಿಸದಂಗ ಗೊಂಬಿ ಕೈಲೆ ಮಾತಾಡಿಸವ. ಹಿಂದಿನ ಬೆಂಚಿನಾಗ ನಾ ಹಂಗ ಮಾತಾಡ್ತಿದ್ದೆ, ಅದಕ್ಕ."

"ಪರೀಕ್ಷಾದಾಗ ಕೇಳ್ತಿದ್ರೇನು ಇವನ್ನ?"

"ಎಂದೂ ಇಲ್ರಿ. ಅದಕ್ಕs ಕಲಿಸ್ತಿದ್ರು. ಪರೀಕ್ಷಾದಾಗ ಬರಂಗಿಲ್ಲಂದ್ರ ನಪಾಸ್ ಆಗೋ ಅಂಜಿಕಿ ಇರಂಗಿಲ್ಲಲ್ಲ. ಇಷ್ಟು ದೊಡ್ಡದು ಬಾಯಾಗ ಹಿಡೀತಂದ್ರ ಸಣ್ಣವಕ್ಕ ಯಾಕ ಅಂಜಬೇಕು ಅಂತಿದ್ರು."

"ಇಷ್ಟು ದೊಡ್ಡ ಶಬ್ದ ಕಲ್ತು ನೀ ಕಂಡಕ್ಟರ್ ಆದಿ."

"ಹೌದ್ರಿ ಕಾಕಾ" ಅಂತ ನಕ್ಕ. ಸಿಟ್ಟಿಗೇಳೋ ಪೈಕಿ ಅಲ್ಲ ಅವ.

ಮುಜಫರ ಹೋದ ಮ್ಯಾಲ ಹಣಮೇಶ ಭಾಳ ಹೊತ್ತು ಬಾಗಿಲ ಕಡಿ ನೋಡಿಕೋತ ಮಲಗಿದ್ದ.

ಅಕ್ಟೋಬರ್ 15, ಮಂಗಳವಾರ

ಇವತ್ತು ಓಣಿ ಮಂದಿ ಮುಂದ ಬಾಯಿ ಮಾಡಿ ಬಂದೀನಿ.

ವಾರದಿಂದ ಮಂದಿ ಬರಾಕತ್ತಿದ್ರು. ಹಣ್ಣು ತರ್ತಾರ, ಕೂಡ್ರತಾರ, "ಮಾಸ್ತರ, ಒಂದು ಕ್ಯೂ ಬಿಡ್ರಿ" ಅಂತಾರ. ಇವ ಅಂತಾನ. ಅವರು ಒಬ್ಬರ ಮಾರಿ ಒಬ್ಬರು ನೋಡ್ತಾರ. ನಾ ಸುಮ್ಕಿದ್ದೆ. ಇವತ್ತು ಚಹಾದಂಗಡ್ಯಾಗ ನಾಕ ಮಂದಿ ಒಂದು ಮೊಬೈಲಿಗೆ ಮುಗಿಬಿದ್ದು ನಗಾಕತ್ತಿದ್ರು. ಬಗ್ಗಿ ನೋಡಿದೆ. ನನ್ನ ತಮ್ಮ. ನಮ್ಮ ಮಂಚ, ನಮ್ಮ ಕೌದಿ. "ಊಟ ಆತೇನ್ರಿ ಮಾಸ್ತರ" ಅಂತ ಕೇಳ್ತಾರ, ಇವ ಜೊಲ್ಲು ಸುರಿಸಿಕೋತ ಕ್ವಾಡ್ರಿಲ್ಯಾಟರಲ್ ಅಂತಾನ. ಕೆಳಗ ನಗೋ ಮಾರಿ ಗೊಂಬಿ ಹಾಕ್ಯಾರ. ವಿಡಿಯೋ ತಗದವ ನಮ್ಮ ಓಣಿ ಕಿರಾಣಿ ಅಂಗಡಿ ಲಕ್ಷ್ಮಿಕಾಂತ.

ಅವನ ಅಂಗಡಿ ಮುಂದ ನಿಂತು ಬಾಯಿಗೆ ಬಂದಂಗ ಬೈದೆ. "ಚಂದ್ರಾಮಪ್ಪ, ನಗಿ ಚ್ಯಾಷ್ಟಿಗೆ ಮಾಡಿದ್ದು ಮಾರಾಯ" ಅಂದ. ಮನಿಗೆ ಬಂದು ಕುಂತ ಮಂದೀನ ಎಬ್ಬಿಸಿ ಹೊರಗ ಹಾಕಿದೆ. ಆಮ್ಯಾಲ ಹಣಮೇಶನ ಮುಂದ ನಿಂತೆ.

"ಇವತ್ತಿಂದ ಆ ಕ್ಯೂ ಈ ಮನ್ಯಾಗ ಕೇಳಬಾರದು. ಕನ್ನಡ ಬಂದ್ರ ಆಡು. ಬರಲಿಲ್ಲಂದ್ರ ಬಾಯಿ ಮುಚ್ಚಿಕೊಂಡಿರು. ಊರು ನಿನ್ನ ನೋಡಿ ನಗಾಕತ್ತದ, ತಿಳೀತಾ."

ತಿಳೀತು ಅವಗ. ಕಣ್ಣು ಕೆಳಗ ಹಾಕಿದ.

ಮಿಲ್ಲಿನ ಮಷೀನ್ ಸಪ್ಪಳದಾಗ ಮೂವತ್ತು ವರ್ಷ ಕಳದವನು, ನನ್ನ ದನಿ ಮೊದಲs ದೊಡ್ಡದು. ಓಣಿಗೆಲ್ಲ ಕೇಳಿರಬೇಕು. ಕೇಳಲಿ.

ಅಕ್ಟೋಬರ್ 16, ಬುಧವಾರ

ಒಂದೂ ಕ್ಯೂ ಇಲ್ಲ. ಚಲೋ ಆತು.

ಅಕ್ಟೋಬರ್ 27, ಐತವಾರ

ನಾನs ಕನ್ನಡ ಕಲಿಸಾಕತ್ತೀನಿ. ಅವನಿಗೆ ಮೊದಲ ಅಕ್ಷರ ತಿದ್ದಿಸಿದವ ನಾನು, ಈಗೂ ಕಲಿಸ್ತೀನಿ. ನೀರಿನ ಗ್ಲಾಸು ಹಿಡೀತೀನಿ. "ನೀರು ಅನ್ನು." ನೋಡ್ತಾನ. "ನೀರು ಅನ್ನು, ಕೊಡ್ತೀನಿ." ತುಟಿ ಕೂಡಿಸ್ತಾನ, ಬಿಡ್ತಾನ. ಇವತ್ತು ಭಾಳ ಹೊತ್ತು ಹಿಡಕೊಂಡು ನಿಂತೆ. ಹಟ ಮಾಡಿದ್ರ ಬರ್ತದ ಅಂತ ನನ್ನ ಲೆಕ್ಕ. ಕರೆವ್ವ ಒಳಗಿಂದ ಬಂದು ಗ್ಲಾಸು ಕಸಗೊಂಡು ಕುಡಿಸಿದಳು.

"ದನಕ್ಕಾದ್ರೂ ಕೇಳದ ನೀರ ಇಡ್ತಾರ" ಅಂದಳು ನನಗ.

ಹಣಮೇಶ ಅಳಾಕತ್ತಿದ್ದ. ಒಂದs ಕಣ್ಣಾಗ ನೀರು ಬರ್ತದ ಅವಗ ಈಗ. ನಾ ಹೊರಗ ಬಂದು ಕಟ್ಟಿ ಮ್ಯಾಲ ಕುಂತೆ.

ಪರಿಮಳಾ ಬಂದಿದ್ದಳು. ಯಾದಗಿರಿ ಮಾತಿನ ಡಾಕ್ಟರ ಹತ್ರ ಹೋಗೂಣು ಅಂತ ಇದು ಎರಡನೇ ಸಲ ಕೇಳಿದಳು. ಬಸ್ಸಿನಾಗ ಮಂದಿ ಮುಂದ ಮತ್ತ ಅದೇ ಅಂದ್ರ? ಜರಾ ಸುಧಾರಿಸಲಿ, ಕನ್ನಡ ಎರಡು ಮಾತು ಬರಲಿ, ಆಮ್ಯಾಲ ಹೋಗೂಣು ಅಂದೆ.

ಡೈರ್ಯಾಗ ಬರೀಲಿಕ್ಕೆ ಅವನ ಶಬ್ದ ಒಂದೂ ಇಲ್ಲ. ನಂದs ಬರ್ಕೋತ ಕುಂತೀನಿ.

ನವೆಂಬರ್ 10, ಐತವಾರ

ಮುಜಫರ ಮತ್ತ ಬಂದಿದ್ದ. ಬಾಗಿಲದಾಗs ತಡದೆ.

"ನಿಮ್ಮ ಸರ್‌ಗೆ ಮಾತು ಪೂರಾ ಹೋಗ್ಯಾವ. ನೀ ಬಂದು ಕ್ಯೂ ಕ್ಯೂ ಅಂದ್ರ ಅವಗ ತ್ರಾಸ."

"ದೂರ ನಿಂತು ನೋಡಿ ಹೋಗ್ತೀನ್ರಿ ಕಾಕಾ."

"ನೋಡಾಕೇನು ಜಾತ್ರಿ ಗೊಂಬಿ ಏನು ಅವ."

ಕೈಚೀಲದಾಗಿನ ಮೋಸಂಬಿ ಕಟ್ಟಿ ಮ್ಯಾಲಿಟ್ಟು ಹೋದ. ಒಳಗ ಹಣಮೇಶ ಎಡಗೈಲೆ ಮಂಚದ ಪಟ್ಟಿ ಬಡ್ಯಾಕತ್ತಿದ್ದ. ನಾ ಹೋದ ಕೂಡ್ಲೆ ನಿಲ್ಲಿಸಿದ.

ಡಿಸೆಂಬರ್ 3, ಮಂಗಳವಾರ

ಪರಿಮಳಾ ನನ್ನ ಕೇಳಲಿಲ್ಲ. ಕಾರು ತಂದು ನಿಲ್ಲಿಸಿ, "ದೊಡ್ಡಪ್ಪ, ನೀ ಬರ್ತಿಯೋ ಇಲ್ಲೋ" ಅಂದಳು. ಕರೆವ್ವನ್ನೂ ಕರಕೊಂಡು ಯಾದಗಿರಿಗೆ ಹೋದ್ವಿ.

ಮಾತಿನ ಡಾಕ್ಟರು ಶಾಂಭವಿ ಅಂತ, ಸಣ್ಣ ವಯಸ್ಸು. ಹಣಮೇಶನ್ನ ಏನೇನೋ ಮಾಡಿ ನೋಡಿದಳು. ನನ್ನ ಕಡಿ ತಿರುಗಿ ಕೇಳಿದಳು, "ಯಜಮಾನ್ರ, ಮೊದಮೊದಲು ಇವರ ಬಾಯಾಗ ಏನಾದ್ರೂ ಶಬ್ದ ಬರ್ತಿದ್ವೇನು?"

"ಏನೂ ಇಲ್ರಿ" ಅಂದೆ.

ಕರೆವ್ವ ಅಂದಳು, "ಬರ್ತಿದ್ವು. ಇಂಗ್ಲೀಷಿನವು, ಉದ್ದುದ್ದ. ಇವರು ಬಂದ್ ಮಾಡಿಸ್ಯಾರ."

ಆ ಹುಡಿಗಿ ಪೆನ್ನು ಕೆಳಗಿಟ್ಟಳು. ಬೈಯಲಿಲ್ಲ. ಬೈದಿದ್ರ ಚಲೋ ಇತ್ತು, ನಾನೂ ತಿರುಗಿ ಬೈತಿದ್ದೆ. ಮೆತ್ತಗ ಹೇಳಿದಳು: ಮಾತು ಎಲ್ಲಿಗೂ ಹೋಗಿರಂಗಿಲ್ಲ, ಒಳಗs ಇರ್ತಾವ, ಹೊರಗ ಬರೋ ದಾರಿ ಮುಚ್ಚಿರ್ತದ. ದಿನಾ ಅಂದಂದು ಬಾಯಿಗೆ ರೂಢಿ ಆದದ್ದು ತಾನs ಬರ್ತದ. ಅರ್ಥ ಇರಲಿ ಬಿಡಲಿ, ಅದು ಬರಬೇಕು. ಅದರ ಬೆನ್ನ ಹಿಂದ ಉಳಿದದ್ದು ಒಂದೊಂದs ಬರ್ತದ. ಮೊದಲ ಎರಡು ಮೂರು ತಿಂಗಳು ಭಾಳ ಮುಖ್ಯ.

"ಆಗ್ಲೇ ಕರಕೊಂಡು ಬರಬೇಕಿತ್ರಿ" ಅಂದಳು. ಅಷ್ಟೇ.

ಹೊಳ್ಳಿ ಬರೋವಾಗ ಭೀಮಾ ಹೊಳಿ ಬ್ರಿಜ್ ಮ್ಯಾಲ ಪರಿಮಳಾ ಏನೋ ಅನ್ನಾಕ ಬಾಯಿ ತಗದು, ಕಾರಿನ ಗಾಜು ಇಳಿಸಿದಳು.

ಡಿಸೆಂಬರ್ 4, ಬುಧವಾರ

ಮುಂಜಾನಿ ಮಂಚದ ಮುಂದ ನಿಂತೆ. ಹಣಮೇಶ ಎದ್ದು ಕೂಡ್ರಾಕ ನೋಡಿದ. ಸಣ್ಣವ ಇದ್ದಾಗಿಂದ ನಾ ಬಂದ್ರ ಮಲಗಿರಂಗಿಲ್ಲ ಅವ. ಕೈಕಾಲು ಬಿದ್ರೂ ಅದನ್ನ ಬಿಟ್ಟಿಲ್ಲ.

"ಮಲಗೋ" ಅಂದೆ. ಮಲಗಿದ.

"ಅವತ್ತು ಹೇಳಿದ್ದೆಲ್ಲ ಬಿಟ್ಟುಬಿಡು. ಕ್ಯೂ ಬೇಕಾದ್ರ ಕ್ಯೂ ಅನ್ನು. ಏನು ಬೇಕಾದ್ದು ಅನ್ನು. ಅನ್ನೋ. ಅನ್ನಂದ್ರ ಅನ್ನು."

ಕಣ್ಣು ಮುಚ್ಚಿಕೊಂಡ.

ಕರೆವ್ವ ರೊಟ್ಟಿ ಬಡಿಯೋದು ನಿಲ್ಲಿಸಿ ಅಂದಳು, "ಹುಕುಂ ಕೊಟ್ಟ ದನ್ಯಾಗs ಹುಕುಂ ತಗದ್ರ ಅವಗ ಹ್ಯಾಂಗ ಗೊತ್ತಾಗಬೇಕು."

ನನಗ ಇನ್ನೊಂದು ದನಿ ಇಲ್ಲ. ಅರವತ್ತೆಂಟು ವರ್ಷ ಇದೊಂದರಾಗs ಸಂಸಾರ ಮಾಡೀನಿ.

ಡಿಸೆಂಬರ್ 12, ಗುರುವಾರ

ರೇಶನ್ ಅಂಗಡಿ ಮುಂದ ಸಾಲಿನಾಗ ನಿಂತಿದ್ದೆ. ಹೆಬ್ಬಟ್ಟಿನ ಮಷೀನ್ ನಡೀವಲ್ದು, ನಾಳಿ ಬರ್ರಿ ಅಂದ್ರು. ಜಲ್ದಿ ಹೊಳ್ಳಿದೆ. ಹಿತ್ತಲ ಬಾಗಿಲಿಂದ ಬಂದೆ, ಕಾಲು ತೊಳಕೊಳ್ಳಾಕ.

ಒಳಗ ಗಂಡಸಿನ ದನಿ. ಯಾರು ಬಂದಾರ ಅಂದುಕೊಂಡೆ. ಉದ್ದಂದು, ಮಳಿ ನೀರು ಇಳುಕಲಿನಾಗ ಹರದಂಗ ಒಂದs ಉಸುರಿನಾಗ ಬಂತು. ಕ್ಯೂದ್ದು.

"ಹೌದೇನಪ್ಪ, ಇನ್ನೊಂದ್ಸಲ ಅನ್ನು" ಅಂದ್ಲು ಕರೆವ್ವ.

ಮತ್ತ ಅಂದ. ಆಮ್ಯಾಲ, ಜರಾ ತಡದು, ಕಲ್ಲು ಎತ್ತಿದಂಗ: "ಉಪ್... ಉಪ್ಪು."

"ಉಪ್ಪು ಕಮ್ಮಿ ಆತೇನು ಸಾರಿಗೆ?"

"ಕಮ್ಮಿ" ಅಂದ.

ನನ್ನ ಕೈಯಾಗಿನ ತಂಬಿಗಿ ಬಚ್ಚಲ ಕಲ್ಲಿಗೆ ತಾಕ್ತು. ಒಳಗ ಎಲ್ಲಾ ನಿಂತಿತು. ನಾ ಹೋಗಿ ನೋಡಿದ್ರ ಬಾಯಿ ಮುಚ್ಚಿಕೊಂಡು ಎದ್ದು ಕೂಡ್ರಾಕತ್ತಾನ.

ಕರೆವ್ವನ್ನ ಹಿತ್ತಲಕ್ಕ ಕರದು ಕೇಳಿದೆ, "ಎಷ್ಟು ದಿನ ಆತು ಇದು?"

"ಯಾದಗಿರಿಗೆ ಹೋಗಿ ಬಂದ ಮ್ಯಾಲ. ಡಾಕ್ಟರ ಬಾಯಿ ಮಾತು ಕೇಳ್ಯಾನಲ್ಲ. ನೀವು ಮನ್ಯಾಗ ಇಲ್ಲದಾಗ ಅಂತಾನ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಬಂದು ಮಂಚದ ಮುಂದ ನಿಂದ್ರತಿದ್ರಿ. ಇನ್ನೊಂದು ಅನ್ನು, ಇನ್ನೊಂದು ಅನ್ನು ಅಂತಿದ್ರಿ."

ಹಂಗs ಮಾಡ್ತಿದ್ದೆ. ಸುಳ್ಳಲ್ಲ.

ಡಿಸೆಂಬರ್ 14, ಶನಿವಾರ

ಸುಸಲಾ ತಿಂದು ಮುಂಜಾನೀನೇ ಮನಿ ಬಿಟ್ಟೆ. ಕೆಲಸ ಅದ ಅಂದೆ. ಏನು ಕೆಲಸ ಅಂತ ಕರೆವ್ವ ಕೇಳಲಿಲ್ಲ. ಚಹಾದಂಗಡಿಗೆ ಹೋಗಂಗಿಲ್ಲ ನಾ ಈಗ. ಬಸ್ ಸ್ಟ್ಯಾಂಡಿನಾಗ ಕುಂತೆ. ಮಂದಿ ಬರ್ತಾರ ಹೋಗ್ತಾರ, ಯಾರೂ ಕೇಳಂಗಿಲ್ಲ.

ಸಂಜೀಕ ಹೋದಾಗ ಕರೆವ್ವ ಅಂದಳು, "ಬಿಸಿ ಅಂದ. ಸಾಕು ಅಂದ." ಬರದೀನಿ.

ಬಿಸಿ. ಸಾಕು.

ಡಿಸೆಂಬರ್ 18, ಬುಧವಾರ

ಬಸ್ ಸ್ಟ್ಯಾಂಡಿನಾಗ ಮುಜಫರ ನೋಡಿದ. ನಾ ಮಾರಿ ತಿರುವಿದೆ. ಅವನs ಬಂದ.

"ಕಾಕಾ, ಎಲ್ಲಿಗೆ ಹೊಂಟೀರಿ?"

"ಎಲ್ಲಿಗೂ ಇಲ್ಲ."

"ದಿನಾ ಇಲ್ಲೇ ಕೂಡ್ರತೀರಲ್ಲ. ನೋಡೀನಿ ನಾ."

"ನಿಮ್ಮ ಸರ್ ಮಾತಾಡಾಕತ್ಯಾನ" ಅಂದೆ. "ನಾ ಮನ್ಯಾಗ ಇಲ್ಲದಾಗ."

ಬಾಗಿಲದಾಗ ನಿಲ್ಲಿಸಿ ಕಳಿಸಿದ್ದೆ ಅವನ್ನ. ಏನಾದ್ರೂ ಅನ್ನಬಹುದಿತ್ತು. "ಬಸ್ ಹತ್ರಿ ಕಾಕಾ, ಸುರಪುರತನ ಹೋಗಿ ಬರೂಣು, ಇಲ್ಲಿ ಸೊಳ್ಳಿ ಭಾಳ" ಅಂದ.

ಮುಂದಿನ ಸೀಟಿನಾಗ ಕುಂತೆ. ಗದ್ದಿ ಕೊಯ್ಯಾಕತ್ಯಾರ ಎಲ್ಲಾ ಕಡಿ. ಹತ್ತಿಗೂಡೂರ ಹತ್ರ ಹತ್ತಿ ಲಾರಿ ಅಡ್ಡ ನಿಂತು ರಸ್ತಾ ತುಂಬಿತ್ತು. ಟಿಕೀಟು ಹರದು ಮುಗಿಸಿ ಅವ ಬಾಜೂಕ ಬಂದು ಕುಂತ. ಮನ್ಯಾಗ ಕೇಳಿದ ಶಬ್ದ ಹ್ಯಾಂಗಿತ್ತು ಅಂತ ನನ್ನ ಬಾಯಿಲೆ ಅಂದು ತೋರ್ಸಿದೆ. ಎರಡು ಮೂರು ಸಲ ಅಂದ ಮ್ಯಾಲ ಹಿಡದ.

"ಇನ್‌ಕಾನ್ಸಿಕ್ವೆನ್ಷಿಯಲ್ ಇರಬೇಕ್ರಿ."

"ಅಂದ್ರ?"

"ಲೆಕ್ಕಕ್ಕ ಇಲ್ಲದ್ದು. ಇದ್ರೂ ಅಷ್ಟೇ, ಇರದಿದ್ರೂ ಅಷ್ಟೇ."

"ಯಾರಿಗಂದ ಅದನ್ನ?"

"ಯಾರಿಗೂ ಇರಲಿಕ್ಕಿಲ್ರಿ. ಬಾಯಿಗೆ ಬಂದದ್ದು."

ಸುರಪುರ ಬರೋತನ ಅದನ್ನs ವಿಚಾರ ಮಾಡ್ಕೋತ ಕುಂತೆ.

ಡಿಸೆಂಬರ್ 20, ಶುಕ್ರವಾರ

ಬಸ್ಸಿನಾಗ ಮುಜಫರಗ ಆ ಶಬ್ದ ಕಲಿಸು ಅಂದೆ. ನಾ ಹಣಮೇಶನ ಮುಂದ ಅಂದ್ರ ಅವಗ ತಿಳೀಬೇಕು, ಅಣ್ಣನ ಬಾಯಾಗೇ ಕ್ಯೂ ಬಂತು, ಇನ್ನ ಅಡ್ಡಿ ಇಲ್ಲ ಅಂತ. ಬ್ಯಾರೆ ಹ್ಯಾಂಗ ಹೇಳಬೇಕು ಗೊತ್ತಿಲ್ಲ.

"ನಿಮಗ ತಕ್ಕದ್ದು ಒಂದು ಅದ ಕಾಕಾ. ಕ್ವಾರಲ್‌ಸಮ್."

"ಅಂದ್ರ?"

"ಜಗಳಗಂಟ."

ಹಿಂದಿನ ಸೀಟಿನ ಹೆಣಮಗಳು ನಕ್ಕಳು. ನಾನೂ ಜರಾ ನಕ್ಕೆ ಅನಸ್ತದ.

"ಅದು ಗಿಡ್ಡ. ಹಣಮೇಶ ಅಂದದ್ದs ಬೇಕು."

ತುಂಡು ತುಂಡು ಮಾಡಿ ಕೊಟ್ಟ. ಇನ್. ಕಾನ್. ಸಿ. ಒಂದು ಸ್ಟಾಪಿಗೆ ಒಂದು ತುಂಡು. ಅವ ರೈಟ್ ಅನ್ನಬೇಕು, ನಾ ಒಂದು ಅನ್ನಬೇಕು. ಕ್ವೆನ್ ಅಂಬೋದು ಹೊರಳವಲ್ದು. ಹಲ್ಲಿಲ್ಲದ ಕಡಿ ಗಾಳಿ ಹೋಗ್ತದ. "ಸಿಟ್ಟಿಗೇಳಬ್ಯಾಡ್ರಿ ಕಾಕಾ, ಮತ್ತ ಅನ್ರಿ" ಅಂತಾನ. ನಾನೆಲ್ಲಿ ಸಿಟ್ಟಿಗೆದ್ದೆ.

ನೀರಿನ ಗ್ಲಾಸು ಕಣ್ಣ ಮುಂದ ಬಂತು. ಭಾಳ ಹೊತ್ತು ಹಿಡದಿದ್ದೆ ಅವತ್ತು.

ಕರೆವ್ವ ಹೇಳಿದ್ದು: ಪರಿಮಳಾ. ಚಾದರ.

ಡಿಸೆಂಬರ್ 24, ಮಂಗಳವಾರ

ಮುಂಜಾನಿ ಅಂಗಿ ಬದಲಿ ಮಾಡಿ ಒಳಗ ಹೋದೆ. ನಿಂದ್ರಲಿಲ್ಲ. ನಿಂತ್ರ ಎದ್ದು ಕೂಡ್ರತಾನ. ನೆಲಕ್ಕ ಕುಂತೆ, ಮಂಚಕ್ಕಿಂತ ಕೆಳಗ. ಅವನ ಕಣ್ಣು ಗಾಬರಿ ಆದ್ವು. ನಾ ಹಂಗ ಎಂದೂ ಕುಂತಿಲ್ಲ ಅವನ ಮುಂದ.

ಅಂದೆ. ನಡುವ ಒಂದ್ಸಲ ಉಸುರು ತಗೊಂಡೆ, ಆದ್ರ ಕಲ್ತ ಶಬ್ದ ಪೂರಾ ಅಂದೆ.

ನನ್ನ ಮಾರಿ ನೋಡಿದ. ತುಟಿ ನಡಗಿದ್ವು. ಬಂತು ಬಂತು ಅನಸ್ತು. ಕರೆವ್ವ ಅಡಗಿಮನಿ ಬಾಗಿಲದಾಗ ನಿಂತಿದ್ದಳು. ಇನ್ನೊಂದ್ಸಲ ಅಂದೆ. ಅವ ಎಡಗೈ ಊರಿ, ಹಲ್ಲು ಕಚ್ಚಿ, ಒದ್ದಾಡಿ ಎದ್ದು ಕುಂತ. ಕುಂತು ಕೈ ತೊಡಿ ಮ್ಯಾಲಿಟ್ಟುಕೊಂಡ. ಬಾಯಿ ತೆಗೀಲಿಲ್ಲ.

ಹೊರಗ ಬಂದೆ. ಬಸ್ಸಿಗೆ ಹೋದೆ.

ಮುಜಫರ ಏನಾತು ಅಂತ ಕೇಳಲಿಲ್ಲ, ಮಾರಿ ನೋಡಿ ತಿಳಕೊಂಡ. "ಇವತ್ತು ಡ್ಯೂಟಿ ಮುಗದ ಮ್ಯಾಲ ಸರ್‌ನ ನೋಡಾಕ ಹೋಗಲೇನ್ರಿ" ಅಂದ.

"ಹೋಗು" ಅಂದೆ. "ದಿನಾ ಹೋಗು. ಬಾಕಿ ಹುಡುಗರಿಗೂ ಹೇಳು. ನಾ ಕತ್ತಲಾದ ಮ್ಯಾಲ ಬರ್ತೀನಿ ಮನಿಗೆ."

ಜನವರಿ 5, ಐತವಾರ

ಪರಿಮಳಾ ಡೈರಿ ಕೇಳಿದಳು. ಶಬ್ದದ ಯಾದಿ ಬ್ಯಾರೆ ಹಾಳಿ ಮ್ಯಾಲ ಇಳಿಸಿ ಕೊಟ್ಟೀನಿ. ಇದನ್ನ ಕೊಡಂಗಿಲ್ಲ.

ಯಾದಿ ಭಾಳ ಆಗ್ಯಾದ. ಪೇಪರ, ಕಿಟಕಿ, ಮುಜಫರ, ಬ್ಯಾಡ, ಇನ್ನಾ ಜರಾ. ಶಾಂಭವಿ ಡಾಕ್ಟರ್ ನೋಡಿ ಖುಷಿ ಆದಳಂತ. ತಡಾ ಆಗ್ಯಾದ, ಪೂರಾ ಮೊದಲಿನಂಗ ಆಗಂಗಿಲ್ಲ, ಆದ್ರೂ ಬರ್ತದ ಅಂದಳಂತ. ನನ್ನ ಕಿವಿಲೆ ಕೇಳಿದ್ದು ಎರಡs. ಉಪ್ಪು, ಕಮ್ಮಿ.

"ನಿನ್ನ ಮ್ಯಾಲ ಅಪ್ಪಗ ಸಿಟ್ಟಿಲ್ಲ ದೊಡ್ಡಪ್ಪ" ಅಂದಳು ಪರಿಮಳಾ.

ಸಿಟ್ಟಿದ್ರ ಬೈತಿದ್ನಲ್ಲ. ಅದಕ್ಕಾದ್ರೂ ಬಾಯಿ ತೆಗೀತಿದ್ದ.

ಜನವರಿ 9, ಗುರುವಾರ

ಇವತ್ತು ಮುಜಫರಗ ರಜಾ. ಬಸ್ ಸ್ಟ್ಯಾಂಡಿನಾಗ ಒಬ್ಬನs ಕುಂತು ಬ್ಯಾಸರಾತು. ಮಧ್ಯಾಹ್ನಕ್ಕ ಮನಿ ಕಡಿ ಬಂದೆ. ಮುಂಬಾಗಿಲು ಅರ್ಧ ತಗದಿತ್ತು. ಒಳಗ ಹಣಮೇಶ ಉದ್ದಂದು ಒಂದು ಅಂದ, ನಾ ಕೇಳಿದ್ದಲ್ಲ, ಹೊಸಾದು. ಚಪ್ಪಲಿ ಬಿಟ್ಟು ಕೈಯಾಗ ಹಿಡಕೊಂಡೆ, ಸಪ್ಪಳ ಆಗಬಾರದು ಅಂತ. ಗ್ವಾಡಿಗೆ ಆತು ನಿಂತೆ.

"ಏನು ಬೇಕಪ್ಪ" ಅಂದ್ಲು ಕರೆವ್ವ.

ಆಮ್ಯಾಲ "ಅಣ್ಣ" ಅಂದ. "ಅಣ್ಣ... ಎಲ್ಲಿ."

"ಬರ್ತಾರ. ಕೆಲಸಕ್ಕ ಹೋಗ್ಯಾರ."

"ಅಣ್ಣ ಎಲ್ಲಿ."

ಒಂದು ಹೆಜ್ಜಿ ಇಟ್ರ ಹೊಸ್ತಿಲ. ಇಟ್ರ ಅವನ ಮಾತು ನಿಲ್ತದ.

ಮತ್ತ ಕೇಳಿದ. ಬರ್ತಾರಪ್ಪ ಅಂತ ಮತ್ತ ಅಂದ್ಲು. ಅವ ಕೇಳೋದು ಬಿಡೋತನ ನಿಂತಿದ್ದು, ಆಮ್ಯಾಲ ಬಸ್ ಸ್ಟ್ಯಾಂಡಿಗೆ ಹೊಳ್ಳಿ ಹೋದೆ.